ಕೀ ತಿರುಗಿಸಿದರೆ ಬರೀ ‘ಟಕ್’: ಮಿನಿ ಟ್ರ್ಯಾಕ್ಟರ್ ಸರಿ ಮಾಡಿದ್ದು ಹೀಗೆ

ನಮ್ಮ ಅಡಿಕೆ ತೋಟದ ಮಿನಿ ಟ್ರ್ಯಾಕ್ಟರ್ ಕೀ ತಿರುಗಿಸಿದರೆ ‘ಟಕ್’ ಅನ್ನುತ್ತಿತ್ತು, ಅಷ್ಟೇ. ಎಂಜಿನ್ ಅಲುಗುತ್ತಿರಲಿಲ್ಲ. ನೋಡಿದವರೆಲ್ಲ ಹೇಳಿದ್ದು ಒಂದೇ: ಬ್ಯಾಟರಿ ಹೋಗಿದೆ, ಹೊಸದು ಹಾಕಿ. ಸುಮ್ನೆ ದುಡ್ಡು ಯಾಕೆ ಸುರಿಯೋದು ಅಂತ ಮೊದಲು ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದೆ. 12.6 ವೋಲ್ಟ್ ಇತ್ತು, ಅಂದರೆ ಫುಲ್ ಚಾರ್ಜ್. ಕೀ ತಿರುಗಿಸಿದಾಗಲೂ 12ಕ್ಕಿಂತ ಕೆಳಗಿಳಿಯಲಿಲ್ಲ. ಬ್ಯಾಟರಿ ಸತ್ತಿದ್ದರೆ ಸರ್ರನೆ ಬೀಳುತ್ತಿತ್ತು. ಟಕ್ ಅನ್ನುತ್ತಿದೆ ಅಂದಮೇಲೆ ಎಂಜಿನ್ ತಿರುಗಿಸುವ ಮೋಟರಿಗೆ (ಸ್ಟಾರ್ಟರ್) ಕರೆಂಟ್ ಬಿಡುವ ಸ್ವಿಚ್, ಅಂದರೆ ಸೊಲೆನಾಯ್ಡ್‌ವರೆಗೆ ಕರೆಂಟ್ ಬರುತ್ತಿದೆ. ಸ್ಟಾರ್ಟರ್‌ಗೆ ಬೇಕಾದಷ್ಟು ಹೋಗುತ್ತಿಲ್ಲ, ಅಷ್ಟೇ.

ಗೇರ್ ನ್ಯೂಟ್ರಲ್‌ಗೆ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಜಾಗಕ್ಕೆ ಒತ್ತಿ ಹಿಡಿದೆ. ಮಗ ಕೀ ತಿರುಗಿಸಿದ. ಅರ್ಧ ವೋಲ್ಟ್ ಒಳಗಿರಬೇಕಾದ್ದು 5 ತೋರಿಸಿತು! ಅಂದರೆ ಎಂಜಿನ್ನಿನಿಂದ ಬ್ಯಾಟರಿಯ ಮೈನಸ್‌ಗೆ ವಾಪಸ್ ಬರುವ ದಾರಿಯಲ್ಲೇ ಕರೆಂಟಿಗೆ ತಡೆ. ಸಿಕ್ಕಿಬಿತ್ತು ಕಳ್ಳ.

ಬ್ಯಾಟರಿಯ ಮೈನಸ್ ಕಳಚಿಟ್ಟು, ಆ ಮೈನಸ್‌ನಿಂದ ಬರುವ ಅರ್ಥ್ ಕೇಬಲ್ ಚಾಸಿಗೆ (ಟ್ರ್ಯಾಕ್ಟರಿನ ಕಬ್ಬಿಣದ ಚೌಕಟ್ಟಿಗೆ) ಕೂರುವ ಬೋಲ್ಟ್ ಬಿಚ್ಚಿದೆ. ಮೇಲಿಂದ ಚೆನ್ನಾಗಿಯೇ ಕಾಣುತ್ತಿತ್ತು. ಕೇಬಲ್ ತುದಿಯ ಬಳೆಯ (ಲಗ್) ಅಡಿಯಲ್ಲಿ ಮಾತ್ರ ಉದುರುವಷ್ಟು ತುಕ್ಕು, ಮಲೆನಾಡಿನ ಮಳೆ ಅಲ್ವಾ. ಎಮರಿ ಪೇಪರಿನಲ್ಲಿ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಬಳಿದೆ. ಕೀ ಮುಟ್ಟುತ್ತಲೇ ಸ್ಟಾರ್ಟ್. ಅದೇ ಹಳೇ ಬ್ಯಾಟರಿ ಈಗಲೂ ಓಡುತ್ತಿದೆ.