ಪಾದದ ಉರಿ, ಟ್ರೈಗ್ಲಿಸರೈಡ್ ಮತ್ತು ಚಹಾದ ಸಕ್ಕರೆ: ಕಡಿಮೆ ಮಾಡುವ ಕ್ರಮ

ರಾತ್ರಿ ಮಲಗಿದ ಮೇಲೆ ಅಂಗಾಲು ಉರಿಯುತ್ತದೆ, ಬೆರಳುಗಳಲ್ಲಿ ಜೋಮು ಹಿಡಿದು ಸೂಜಿ ಚುಚ್ಚಿದಂತಾಗುತ್ತದೆ, ರಕ್ತಪರೀಕ್ಷೆಯ ವರದಿಯಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನಂಶ ಏರಿದೆ ಎಂದು ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಐವತ್ತು ದಾಟಿದವರು ಹೇಳಿಕೊಳ್ಳುವುದುಂಟು. ಸಕ್ಕರೆ ಬಿಟ್ಟರೆ ಇವೆಲ್ಲ ಹೋಗುತ್ತವೆಯೇ ಎಂದು ಅವರು ಕೇಳುತ್ತಾರೆ. ಟ್ರೈಗ್ಲಿಸರೈಡ್ ಕೆಲವು ವಾರಗಳಲ್ಲೇ ಇಳಿಯಬಹುದು. ಪಾದದ ಉರಿ, ಜೋಮು ಎಂಬ ನರನೋವು ಮಾತ್ರ, ಅದರ ಮೂಲ ರಕ್ತದ ಸಕ್ಕರೆಯಲ್ಲಿದ್ದರೆ, ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ಸ್ವಲ್ಪ ಹತೋಟಿಗೆ ಬಂದೀತು.

ಆದ್ದರಿಂದ ಮೊದಲ ಕೆಲಸ ಮೂಲವನ್ನು ತಿಳಿಯುವುದು. ವೈದ್ಯರನ್ನು ಕಂಡು, ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ರಕ್ತದ ಕೊಬ್ಬನ್ನು ಅಳೆಯುವ ಲಿಪಿಡ್ ಪ್ರೊಫೈಲ್ ಮತ್ತು ವಿಟಮಿನ್ ಬಿ12 ಪರೀಕ್ಷೆಗಳ ಬಗ್ಗೆ ಕೇಳಿ. ಬಿ12 ಕೊರತೆಯಿಂದಲೂ ಪಾದ ಜೋಮು ಹಿಡಿಯುತ್ತದೆ. ಸಸ್ಯಾಹಾರಿಗಳಲ್ಲಿ ಮತ್ತು ವರ್ಷಾನುಗಟ್ಟಲೆ ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ನುಂಗುತ್ತಿರುವವರಲ್ಲಿ ಈ ಕೊರತೆ ಸಾಮಾನ್ಯ. ಥೈರಾಯ್ಡ್ ದೋಷ, ಮದ್ಯಪಾನ, ಬೆನ್ನಿನಲ್ಲಿ ನರ ಒತ್ತಿಹೋಗಿರುವುದು, ಇವೂ ಕಾರಣವಾಗಬಲ್ಲವು. ಕಾರಣ ಬೇರೆಯೇ ಆಗಿದ್ದರೆ ಎಷ್ಟು ನಿಷ್ಠೆಯಿಂದ ಸಕ್ಕರೆ ಬಿಟ್ಟರೂ ಉರಿ ನಿಲ್ಲುವುದಿಲ್ಲ, ಚಿಕಿತ್ಸೆಯೂ ತಡವಾಗುತ್ತದೆ.

ಎರಡನೆಯದು ಲೆಕ್ಕ. ದಿನಕ್ಕೆ 2,000 ಕ್ಯಾಲರಿ ತಿನ್ನುವವರಿಗೆ ಹೊರಗಿನಿಂದ ಸೇರಿಸಿದ ಸಕ್ಕರೆ 50 ಗ್ರಾಂ ಮೀರಬಾರದು, ಸಾಧ್ಯವಾದರೆ 25 ಗ್ರಾಂ ಒಳಗೇ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯ ಸಾರ. 25 ಗ್ರಾಂ ಎಂದರೆ ಸುಮಾರು ಆರು ಸಣ್ಣ ಚಮಚ. ದಿನಕ್ಕೆ ನಾಲ್ಕು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಎಂದರೆ ಎಂಟು ಚಮಚವಾಯಿತು. ಮಿತಿ ಚಹಾದಲ್ಲೇ ದಾಟಿತು. ಆಫೀಸಿನ ಕೆಳಗಿನ ಕಟಿಂಗ್ ಚಹಾ, ಲೋಕಲ್ ಹಿಡಿಯುವ ಮುಂಚಿನ ಬಿಸ್ಕೀಟು, ಮಾಟುಂಗದ ಹೋಟೆಲಿನ ಶೀರಾ, ಸಾಂಬಾರಿಗೆ ಬಿದ್ದ ಬೆಲ್ಲದ ತುಂಡು, ಬೇಸಿಗೆಯ ಕಬ್ಬಿನ ಹಾಲು ಎಲ್ಲವನ್ನೂ ಒಂದು ವಾರ ಬರೆದಿಡಿ. ಬೆಲ್ಲ, ಜೇನುತುಪ್ಪ ಒಳ್ಳೆಯವೆಂದು ನಂಬಿ ಅವನ್ನು ಲೆಕ್ಕದಿಂದ ಬಿಡಬೇಡಿ. ರಕ್ತಕ್ಕೆ ಸೇರಿದ ಮೇಲೆ ಅವೂ ಸಕ್ಕರೆಯೇ.

ಯಕೃತ್ತು ಹೆಚ್ಚುವರಿ ಸಕ್ಕರೆಯನ್ನು, ಅದರಲ್ಲೂ ಸಕ್ಕರೆಯ ಒಂದು ಭಾಗವಾದ ಫ್ರಕ್ಟೋಸನ್ನು, ಕೊಬ್ಬಾಗಿ ಮಾರ್ಪಡಿಸಿ ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಬಿಡುತ್ತದೆ. ಸಕ್ಕರೆ ತಗ್ಗಿಸಿದಾಗ ಆ ಸಂಖ್ಯೆ ಮೊದಲು ಇಳಿಯುವುದಕ್ಕೆ ಇದೇ ಕಾರಣ. ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಮೇಲೆ ಇದರ ಪರಿಣಾಮ ಕಡಿಮೆ. ಅದನ್ನು ಹೆಚ್ಚಾಗಿ ಏರಿಸುವುದು ಬೆಣ್ಣೆ, ತುಪ್ಪ, ವನಸ್ಪತಿಗಳಂಥ ಕೊಬ್ಬು. ಆದ್ದರಿಂದ ಸಿಹಿ ಬಿಟ್ಟ ಕೈ ಕರಿದ ಖಾರದ ತಿಂಡಿಯಾದ ಫರಸಾಣದ ಡಬ್ಬಿಗೆ ಹೋಗಬಾರದು. ಹಸಿವಾದರೆ ನೆನೆಸಿದ ಕಡಲೆ, ಹೆಸರುಕಾಳಿನ ಉಸಲಿ, ಸಕ್ಕರೆಯಿಲ್ಲದ ಮಜ್ಜಿಗೆ ಅಥವಾ ಇಡೀ ಹಣ್ಣು ಸಾಕು. ಅನ್ನ, ಪಾವ್ ಹೆಚ್ಚಾದರೂ ರಕ್ತದ ಸಕ್ಕರೆ ಏರುತ್ತದೆ. ಕೊಲೆಸ್ಟರಾಲ್ ಇಳಿಸಲು ವೈದ್ಯರು ಕೊಟ್ಟ ಸ್ಟಾಟಿನ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಇಳಿಸುವಾಗ ಆತುರ ಬೇಡ ಎಂದು ಒತ್ತಿ ಹೇಳುತ್ತೇನೆ. ಲೋಟಕ್ಕೆ ಅರ್ಧ ಚಮಚ ತಗ್ಗಿಸಿ, ನಾಲಿಗೆ ಒಗ್ಗಿದ ಮೇಲೆ ಇನ್ನರ್ಧ ತಗ್ಗಿಸಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ಔಷಧದ ಪ್ರಮಾಣ ಬದಲಿಸದೆ ಊಟ ಮತ್ತು ಸಿಹಿಯನ್ನು ಒಮ್ಮೆಲೇ ಕಡಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಬೆವರು, ನಡುಕ, ಗೊಂದಲ ಕಂಡರೆ ತಕ್ಷಣ ಸಕ್ಕರೆ ತಿನ್ನಲೇಬೇಕು. ಬಹುಕಾಲ ಏರಿದ್ದ ಎಚ್‌ಬಿಎ1ಸಿ ಮೂರು ತಿಂಗಳೊಳಗೆ ಎರಡು ಶೇಕಡಾ ಅಂಶಕ್ಕಿಂತ ಹೆಚ್ಚು ಇಳಿದಾಗ ಕೆಲವರಲ್ಲಿ ನರನೋವು ಹೊಸದಾಗಿ ಕೆರಳುವುದೂ ಉಂಟು. ಅನೇಕರಿಗೆ ಇದು ಗೊತ್ತಿಲ್ಲ. ಪಥ್ಯ ಮಾಡಿದ್ದೇ ತಪ್ಪಾಯಿತೆಂದು ಕೈಬಿಡುತ್ತಾರೆ.

ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿ. ಟ್ರೈಗ್ಲಿಸರೈಡ್ (ಮಿ.ಗ್ರಾಂ/ಡೆಸಿಲೀಟರ್ ಲೆಕ್ಕದಲ್ಲಿ) 150ರ ಒಳಗೆ ಬಂದಿದೆಯೇ, ಎಚ್‌ಬಿಎ1ಸಿ ವೈದ್ಯರು ಹಾಕಿಕೊಟ್ಟ ಗುರಿಯತ್ತ ಸಾಗಿದೆಯೇ ನೋಡಿ. ಟೈಪ್ 1 ಮಧುಮೇಹದಲ್ಲಿ ಬಿಗಿ ಹತೋಟಿ ನರಹಾನಿಯನ್ನು ಬಹುಮಟ್ಟಿಗೆ ತಡೆಯುತ್ತದೆಂದು 1993ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತು. ಟೈಪ್ 2ರಲ್ಲಿ ಅಷ್ಟು ಲಾಭ ಕಂಡಿಲ್ಲ. ಆಗಲೇ ಆದ ಹಾನಿ ಪೂರ್ತಿ ಸರಿಹೋಗುವುದು ಅಪರೂಪ, ಅದು ಮುಂದುವರಿಯದಂತೆ ತಡೆಯುವುದೇ ಇಲ್ಲಿನ ಮುಖ್ಯ ಲಾಭ. ನೋವಿನಿಂದ ನಿದ್ದೆ ಬಾರದಿದ್ದರೆ ಈ ಮೂರು ತಿಂಗಳು ಕಾಯಬೇಕಿಲ್ಲ, ನರನೋವಿಗೆಂದೇ ಔಷಧಗಳಿವೆ.

ಈ ನಡುವೆ ಪ್ರತಿ ರಾತ್ರಿ ಪಾದ ತೊಳೆದು, ಬೆರಳುಗಳ ಸಂದಿಯನ್ನು ಒರೆಸಿ, ಗಾಯವಿದೆಯೇ ಎಂದು ನೋಡಿ. ಅಂಗಾಲು ಕಾಣದಿದ್ದರೆ ಕನ್ನಡಿ ಹಿಡಿಯಿರಿ ಅಥವಾ ಮನೆಯವರಿಗೆ ನೋಡಲು ಹೇಳಿ. ಸೋಮವಾರ ರಾತ್ರಿ ಸಿದ್ಧಿವಿನಾಯಕನಲ್ಲಿಗೆ ಬರಿಗಾಲಲ್ಲಿ ನಡೆಯುವ ಹರಕೆ ಹೊತ್ತಿದ್ದರೆ, ಮರಗಟ್ಟಿದ ಪಾದಕ್ಕೆ ಗಾಜು ಚುಚ್ಚಿದರೂ ತಿಳಿಯುವುದಿಲ್ಲವಾದ್ದರಿಂದ, ದೇವಸ್ಥಾನದ ಬಾಗಿಲವರೆಗೂ ಚಪ್ಪಲಿ ಹಾಕಿಕೊಂಡೇ ಹೋಗಿ.