ಕೀಲಿನ ಕೋಶಗಳು ಎಷ್ಟು ಡಿಎಂಎಸ್‌ಒ ತಡೆದುಕೊಳ್ಳುತ್ತವೆ? ಅಳೆಯುವುದು ಹೀಗೆ

ನೀರಿನಲ್ಲಿ ಕರಗದ ಔಷಧಿಯನ್ನು ಕಾಂಡ್ರೋಸೈಟ್‌ಗಳ ಮೇಲೆ, ಅಂದರೆ ಕೀಲಿನ ಮೃದ್ವಸ್ಥಿಯ ಕೋಶಗಳ ಮೇಲೆ ಪರೀಕ್ಷಿಸಬೇಕಾದಾಗ ಎಲ್ಲರ ಕೈಯೂ ಡಿಎಂಎಸ್‌ಒ (ಡೈಮಿಥೈಲ್ ಸಲ್ಫಾಕ್ಸೈಡ್ ಎಂಬ ದ್ರಾವಕ) ಬಾಟಲಿಗೇ ಹೋಗುತ್ತದೆ. 0.1% ಇದ್ದರೆ ಏನೂ ಆಗಲ್ಲ ಅನ್ನೋದು ರೂಢಿಯ ಮಾತು. ಆದರೆ ಕೋಶ ಯಾರದು, ಎಷ್ಟನೇ ಪ್ಯಾಸೇಜ್ (ಹೊಸ ಪಾತ್ರೆಗೆ ಎಷ್ಟನೇ ಸಲ ಬದಲಿಸಿ ಬೆಳೆಸಿದ್ದು), ಎಷ್ಟು ಹೊತ್ತು ಇಡುತ್ತೀರಿ ಎನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಅದಕ್ಕೇ ಔಷಧಿ ಮುಟ್ಟುವ ಮೊದಲು ಬರೀ ಡಿಎಂಎಸ್‌ಒ ಹಾಕಿ ನೋಡಿ.

96 ವೆಲ್ (ಕೋಶ ಬೆಳೆಸುವ ಪುಟ್ಟ ಗುಳಿ) ಇರುವ ಪ್ಲೇಟಿನಲ್ಲಿ ಡಿಎಂಎಸ್‌ಒ 0, 0.05, 0.1, 0.5, 1, 2% ಇಡಿ. ಜೊತೆಗೆ ಒಂದು 10% ಕೂಡ ಇರಲಿ, ಕೋಶ ಸತ್ತಾಗ ರೀಡಿಂಗ್ ಹೇಗಿರುತ್ತದೆ ಅಂತ ಗೊತ್ತಾಗಬೇಕಲ್ವಾ. (ಫ್ರೀಜ್ ಮಾಡುವಾಗಲೂ 10% ಹಾಕುತ್ತೇವೆ, ನಿಜ. ಅಲ್ಲಿ ಕೋಶ ತಣ್ಣಗಿರುತ್ತದೆ, ಕರಗಿಸಿದ ಕೂಡಲೇ ತೊಳೆಯುತ್ತೇವೆ. ಇಲ್ಲಿ 37 ಡಿಗ್ರಿಯಲ್ಲಿ ದಿನಗಟ್ಟಲೆ.) ಪ್ರತಿ ಪ್ರಮಾಣಕ್ಕೂ ಕನಿಷ್ಠ 3 ವೆಲ್, 24, 48, 72 ಗಂಟೆಗೆ ನೋಡಿ. ಅಂಚಿನ ವೆಲ್‌ಗಳಲ್ಲಿ ಮೀಡಿಯಂ (ಕೋಶ ಬೆಳೆಸುವ ಪೋಷಕ ದ್ರವ) ಆವಿಯಾಗುತ್ತದೆ, ಅವನ್ನು ಬಿಟ್ಟುಬಿಡಿ.

ಡಿಎಂಎಸ್‌ಒ ಅನ್ನು ನೇರವಾಗಿ ವೆಲ್‌ಗೆ ಬಿಡಬೇಡಿ. ಅದು ನೀರಿಗಿಂತ ಭಾರ, ಒಂದು ಮಿಲಿಲೀಟರ್ 1.1 ಗ್ರಾಂ ತೂಗುತ್ತದೆ. ಬಿಟ್ಟ ಹನಿ ಎಳೆ ಎಳೆಯಾಗಿ ತಳಕ್ಕೆ ಇಳಿಯುತ್ತದೆ. ಕೋಶ ಅಂಟಿಕೊಂಡಿರುವುದೂ ತಳದಲ್ಲೇ! ಮೊದಲು ಟ್ಯೂಬಿನಲ್ಲಿ ಮೀಡಿಯಂ ಜೊತೆ ಚೆನ್ನಾಗಿ ಬೆರೆಸಿ, ಆಮೇಲೆ ಹಾಕಿ.

ಔಷಧಿ ಹಾಕುವಾಗ ಜಾಸ್ತಿ ಜನ ಎಡವುವ ಜಾಗ ಇನ್ನೊಂದಿದೆ. 10 ಮಿಲಿಮೋಲಾರ್ ಸ್ಟಾಕ್ (ಔಷಧಿಯನ್ನು ಡಿಎಂಎಸ್‌ಒದಲ್ಲಿ ಕರಗಿಸಿಟ್ಟ ಸಾಂದ್ರ ದ್ರಾವಣ) ಅನ್ನು ಮೀಡಿಯಂನಲ್ಲೇ ತೆಳು ಮಾಡುತ್ತಾ ಹೋದರೆ 30 ಮೈಕ್ರೋಮೋಲಾರ್ ವೆಲ್‌ನಲ್ಲಿ 0.3% ಡಿಎಂಎಸ್‌ಒ ಇರುತ್ತದೆ, 3ರಲ್ಲಿ 0.03%. ಆಗ ಕೋಶ ಸತ್ತದ್ದು ಔಷಧಿಯಿಂದಲೋ ದ್ರಾವಕದಿಂದಲೋ ಹೇಳಲು ಆಗುವುದಿಲ್ಲ. ತೆಳು ಮಾಡುವುದನ್ನು ಡಿಎಂಎಸ್‌ಒದಲ್ಲೇ ಮಾಡಿ. ಪ್ರತಿ ಟ್ಯೂಬಿನಿಂದ 1 ಮೈಕ್ರೋಲೀಟರ್ ತೆಗೆದು 1 ಮಿಲಿಲೀಟರ್ ಮೀಡಿಯಂಗೆ ಹಾಕಿದರೆ ಎಲ್ಲ ಕಡೆಯೂ ಒಂದೇ 0.1%. ಬೇಕಾದ ಪ್ರಮಾಣದ ಸಾವಿರಪಟ್ಟು ಟ್ಯೂಬಿನಲ್ಲಿರಬೇಕು, ಅಷ್ಟೇ.

ಎಂಟಿಟಿ (ಬದುಕಿರುವ ಕೋಶವನ್ನು ಬಣ್ಣದಿಂದ ಅಳೆಯುವ ಪರೀಕ್ಷೆ) ಒಂದನ್ನೇ ನಂಬಬೇಡಿ. ಕೋಶ ಬದುಕಿದ್ದೂ ತನ್ನ ಕೆಲಸ ಬಿಟ್ಟಿರಬಹುದು, ಆದ್ದರಿಂದ ಎಲ್‌ಡಿಎಚ್ (ಕೋಶದ ಪೊರೆ ಹಾಳಾದಾಗ ಹೊರಬರುವ ಕಿಣ್ವ) ಸೋರಿಕೆ, ಜೊತೆಗೆ ಈ ಕೋಶಗಳು ತಯಾರಿಸುವ ಮೃದ್ವಸ್ಥಿಯ ಪ್ರೋಟೀನ್‌ಗಳಾದ ಟೈಪ್ 2 ಕೊಲಾಜೆನ್, ಅಗ್ರಿಕ್ಯಾನ್ ಕೂಡ ನೋಡಿ. ಉರಿಯೂತದ ಪ್ರಯೋಗವಾದರೆ ಇನ್ನೂ ಎಚ್ಚರ ಬೇಕು: ಡಿಎಂಎಸ್‌ಒ ತಾನೇ ಹೈಡ್ರಾಕ್ಸಿಲ್ ರಾಡಿಕಲ್‌ಗಳನ್ನು ಹೀರುತ್ತದೆ, ಔಷಧಿ ಕೆಲಸ ಮಾಡಿದಂತೆ ಕಾಣಿಸಬಹುದು. ಹಾಗಾಗಿ ಬರೀ ಮೀಡಿಯಂನ ಕಂಟ್ರೋಲ್, ಡಿಎಂಎಸ್‌ಒ ಕಂಟ್ರೋಲ್ ಎರಡೂ ಇರಲೇಬೇಕು.

ಗ್ಲೌಸ್ ಮೇಲೆ ಬಿದ್ದರೆ ತಕ್ಷಣ ಬದಲಿಸಿ. ಡಿಎಂಎಸ್‌ಒ ಚರ್ಮದೊಳಗೆ ಇಳಿಯುವಾಗ ತನ್ನಲ್ಲಿ ಕರಗಿರುವ ಔಷಧಿಯನ್ನೂ ಒಳಗೆ ಒಯ್ಯುತ್ತದೆ.