ಜೀವಕೋಶದೊಳಗೆ ಎಐಬಿ ಸಾಗಣೆಯನ್ನು ಅಳೆಯುವ ಕ್ರಮ

ಆಲ್ಫಾ-ಅಮೈನೊಐಸೊಬ್ಯುಟಿರಿಕ್ ಆಮ್ಲ, ಅಂದರೆ ಎಐಬಿ, ನಮ್ಮ ಪ್ರೋಟೀನುಗಳಲ್ಲಿ ಸೇರದ ಅಮೈನೊ ಆಮ್ಲ. ಜೀವಕೋಶವು ಅದನ್ನು ಒಳಗೆಳೆದುಕೊಂಡರೂ ಒಡೆದು ಬಳಸಿಕೊಳ್ಳುವುದಿಲ್ಲವಾದ್ದರಿಂದ, ಒಳಗೆ ಸಿಕ್ಕ ಪ್ರಮಾಣವನ್ನು ಸಾಗಣೆಯ ನೇರ ಅಳತೆಯೆಂದು ನಂಬಬಹುದು. 1960ರ ದಶಕದಲ್ಲಿ ಹಾಲ್ವರ್ ಕ್ರಿಸ್ಟೆನ್ಸೆನ್ ಮತ್ತು ಸಂಗಡಿಗರು ಎ (ಸೋಡಿಯಂ ಬೇಕಾದ) ಮತ್ತು ಎಲ್ (ಸೋಡಿಯಂ ಬೇಡದ) ಎಂಬ ಅಮೈನೊ ಆಮ್ಲ ಸಾಗಣೆ ವ್ಯವಸ್ಥೆಗಳನ್ನು ಬೇರ್ಪಡಿಸಿ ತೋರಿಸಿದ್ದು ಇಂಥ ಅಣುಗಳ ನೆರವಿನಿಂದಲೇ.

ಮೊದಲು ಪಿಎಚ್ 7.4ರ ಎರಡು ದ್ರಾವಣಗಳನ್ನು ತಯಾರಿಸಬೇಕು: ಒಂದರಲ್ಲಿ ಸೋಡಿಯಂ ಕ್ಲೋರೈಡ್, ಇನ್ನೊಂದರಲ್ಲಿ ಅದರ ಬದಲು ಕೋಲೀನ್ ಕ್ಲೋರೈಡ್. ಎರಡನೆಯದಕ್ಕೆ ಫಾಸ್ಫೇಟ್ ಸೇರಿಸುವಾಗಲೂ ಸೋಡಿಯಂ ಲವಣವನ್ನು ಬಳಸಬಾರದು. ಈ ಸಣ್ಣ ಅಲಕ್ಷ್ಯವೇ ಹೋಲಿಕೆಯನ್ನು ಕೆಡಿಸುತ್ತದೆ.

ತಟ್ಟೆಗೆ ಅಂಟಿ ಬೆಳೆದ ಕೋಶಗಳಿಂದ ಪೋಷಕ ಮಾಧ್ಯಮವನ್ನು ತೊಳೆದು ತೆಗೆಯಿರಿ. ಅಮೈನೊ ಆಮ್ಲವಿಲ್ಲದೆ ಗಂಟೆಗಟ್ಟಲೆ ಇಟ್ಟರೆ ಎಸ್‌ನ್ಯಾಟ್2 ಎಂಬ ಎ ವ್ಯವಸ್ಥೆಯ ಸಾಗಣೆ ಪ್ರೋಟೀನು ಹೆಚ್ಚುವುದರಿಂದ, ಈ ಅವಧಿ ಎಲ್ಲ ತಟ್ಟೆಗಳಿಗೂ ಒಂದೇ ಆಗಿರಲೇಬೇಕು. ಬಳಿಕ ಕೆಲವು ತಟ್ಟೆಗಳಿಗೆ ಮೊದಲ ದ್ರಾವಣದಲ್ಲಿ, ಉಳಿದವಕ್ಕೆ ಎರಡನೆಯದರಲ್ಲಿ, ಕಾರ್ಬನ್-14 ಗುರುತಿನ ಎಐಬಿಯನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಾಕಿ, ಬೇರೆ ಬೇರೆ ಸಮಯಗಳಲ್ಲಿ ಅಳೆದು, ಸಮಯಕ್ಕೆ ತಕ್ಕಂತೆ ಒಳಹೋದ ಪ್ರಮಾಣದ ಗೆರೆ ನೇರವಾಗಿರುವ ಆರಂಭದ ಭಾಗವನ್ನಷ್ಟೇ ಆರಿಸಿಕೊಳ್ಳಿ. ವಿಕಿರಣಶೀಲ ವಸ್ತುವಾದ್ದರಿಂದ ಪರವಾನಗಿಯುಳ್ಳ ಪ್ರಯೋಗಾಲಯ ಕಡ್ಡಾಯ.

ಹಿಮದಷ್ಟು ತಣ್ಣನೆಯ ದ್ರಾವಣದಿಂದ ಬೇಗನೆ ತೊಳೆದರೆ ಸಾಗಣೆ ನಿಲ್ಲುತ್ತದೆ. ಕೋಶಗಳನ್ನು ಕ್ಷಾರದಲ್ಲಿ ಕರಗಿಸಿ, ವಿಕಿರಣವನ್ನು ಎಣಿಸಿ, ಪ್ರತಿ ಮಿಲಿಗ್ರಾಂ ಪ್ರೋಟೀನಿಗೆ ಲೆಕ್ಕ ಹಾಕಿ.

ಎರಡು ದ್ರಾವಣಗಳ ಫಲಿತಾಂಶದ ವ್ಯತ್ಯಾಸವು ಸೋಡಿಯಂ ಅವಲಂಬಿತ ಸಾಗಣೆಯನ್ನು ಕೊಡುತ್ತದೆ. ಆದರೆ ಅದೆಲ್ಲವೂ ಎ ವ್ಯವಸ್ಥೆಯದೇ ಎಂದು ಭಾವಿಸುವುದು ಸರಿಯಲ್ಲ, ಏಕೆಂದರೆ ಎಐಬಿ ಬೇರೆ ದಾರಿಗಳಲ್ಲೂ ಒಳನುಗ್ಗಬಲ್ಲದು. ಮುಖ್ಯವಾಗಿ ಎ ವ್ಯವಸ್ಥೆಯೇ ಸಾಗಿಸುವ, ಗುರುತಿಲ್ಲದ ಮೀಥೈಲ್-ಎಐಬಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಸೇರಿಸಿದಾಗ ತಡೆಗೊಳ್ಳುವ ಪಾಲನ್ನು ಮಾತ್ರ ಎ ವ್ಯವಸ್ಥೆಯ ಹೆಸರಿನಲ್ಲಿ ಬರೆಯಿರಿ.